ಬಿದಿರು ಮರಕುಟಿಗನ ನಾಲ್ಕನೇ ಬೆರಳು

ಇಲ್ಲದ್ದನ್ನು ಇದೆ ಅನ್ನಿಸುವುದೇ ಬದರಿನಾಥರ ಕಸುಬು. ಮಾಟವೂ ಅಲ್ಲ, ಮಂತ್ರವೂ ಅಲ್ಲ. ಫೋಟೋಗಳಿಗೆ ಟಚಪ್ ಮಾಡುವ ಕೆಲಸ. ಮದರಾಸಿನ ವಡಪಳನಿಯ ಒಂದು ಸ್ಟುಡಿಯೋದಲ್ಲಿ ಮೂವತ್ತೊಂದು ವರ್ಷ ಬೆನ್ನು ಬಗ್ಗಿಸಿ ಕೂತು, ಮುಚ್ಚಿದ ಕಣ್ಣು ತೆರೆಸಿದ್ದರು, ಸಿಡುಬಿನ ಕಲೆ ಅಳಿಸಿದ್ದರು, ತೀರಿಹೋದ ಗಂಡನನ್ನು ಬೇರೊಂದು ಫೋಟೋದಿಂದ ಎಬ್ಬಿಸಿ ತಂದು ಹೆಂಡತಿಯ ಪಕ್ಕ ಕೂರಿಸಿದ್ದರು. ಸಿನಿಮಾದಲ್ಲಿ ಚಾನ್ಸು ಕೇಳಿಕೊಂಡು ಬಂದ ಹುಡುಗಿಯರ ಎಷ್ಟು ಉಬ್ಬುಹಲ್ಲುಗಳು ಅವರ ಪೆನ್ಸಿಲಿಗೆ ಹೆದರಿ ಒಳಗೆ ಹೋದವೋ, ಆ ವಡಪಳನಿ ಮುರುಗನೇ ಹೇಳಬೇಕು. ಸ್ಟುಡಿಯೋಗೆ ಕಂಪ್ಯೂಟರ್ ಬಂದ ವರ್ಷ ಅವರೇ ಎದ್ದು ಬಂದರು. ಯಾರೂ ಹೋಗು ಅನ್ನಲಿಲ್ಲ. ಇರು ಅಂತಲೂ ಅನ್ನಲಿಲ್ಲ.

ಅಂಥ ಪಳಗಿದ ಕೈ ಆ ಶುಕ್ರವಾರ ಬೆಳಿಗ್ಗೆ ಕಾಫಿ ಲೋಟದ ಸಕ್ಕರೆಯನ್ನು ಮೂರನೇ ಸಲ ಕದಡುತ್ತಿತ್ತು. ಭಾನುವಾರ ನಾಲ್ಕು ಗಂಟೆಗೆ ಗಿಂಡಿಯಿಂದ ಗಂಡಿನ ಕಡೆಯವರು ಮಗಳು ಅಕ್ಷಯಾಳನ್ನು ನೋಡಲು ಬರುವವರಿದ್ದರು. ಆಡಿ ತಿಂಗಳು, ಅಂದರೆ ಇಲ್ಲಿನವರ ಆಷಾಢ, ಮುಗಿದ ಮೇಲೆ ಬಂದ ಮೊದಲ ಸಂಬಂಧ. ಹುಡುಗ ಗಿರಿಧರ್ ಇಂಜಿನಿಯರು, ಅವನ ತಂದೆ ರೈಲ್ವೆಯಲ್ಲಿದ್ದು ರಿಟೈರಾದವರು, ಹೆಸರುಳ್ಳ ಮನೆತನ. ಬೇರೆ ಯಾವ ತಂದೆಯಾದರೂ ಕುಣಿದಾಡಿಬಿಡುತ್ತಿದ್ದ.

"ನಂಗಿನ್ನೂ ನಂಬೋಕ್ಕಾಗ್ತಿಲ್ಲ ಅಪ್ಪಾ," ಅಂದಳು ಅಕ್ಷಯಾ. ಶೋಳಿಂಗನಲ್ಲೂರಿಗೆ ಕರೆದೊಯ್ಯುವ ಆಫೀಸಿನ ಕ್ಯಾಬಿಗೆ ಕಾಯುತ್ತ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಳು. "ಫೋಟೋದಲ್ಲಿ ಕೈ ನೋಡಿಯೂ ಬರ್ತೀವಿ ಅಂದೋರು ಇವರೇ ಫಸ್ಟು. ಹುಡುಗನ್ನ ಒಪ್ತೀನೋ ಬಿಡ್ತೀನೋ ಗೊತ್ತಿಲ್ಲ, ಅವನಮ್ಮನ್ನಂತೂ ಒಪ್ಪಿಯಾಯ್ತು!"

ಬದರಿನಾಥರು "ಹ್ಞೂಂ" ಅಂದರು. ಕಾಫಿ ಪಂಚೆಯ ಮೇಲೆ ಚೆಲ್ಲಿತು.

"ಏನ್ರೀ ಇದು, ಮದುವಣಗಿತ್ತಿ ಅವಳೋ ನೀವೋ?" ಅಂತ ಹೆಂಡತಿ ತುಂಗಾ ಅಡುಗೆಮನೆಯಿಂದ ನಕ್ಕರು. ಹೊರಗೆ ಕ್ಯಾಬು ಹಾರ್ನ್ ಹೊಡೆಯಿತು, ಅಕ್ಷಯಾ ಎರಡೆರಡು ಮೆಟ್ಟಿಲು ಹಾರಿ ಇಳಿದಳು.

ವಿಷಯ ಏನೆಂದು ಹೇಳಿಬಿಡುತ್ತೇನೆ, ಮುಚ್ಚಿಟ್ಟುಕೊಂಡು ನನಗೇನಾಗಬೇಕು. ಅಕ್ಷಯಾಳ ಎಡಗೈಯಲ್ಲಿ ಹುಟ್ಟಿನಿಂದಲೇ ಕಿರುಬೆರಳಿಲ್ಲ. ಗಾಯವಲ್ಲ, ರೋಗವಲ್ಲ, ದೇವರು ನಾಲ್ಕಕ್ಕೇ ನಿಲ್ಲಿಸಿದ್ದ. ಅವಳು ಆ ಕೈಯಲ್ಲೇ ಕೀಬೋರ್ಡು ಕುಟ್ಟುತ್ತಾಳೆ, ಸ್ಕೂಟಿ ಓಡಿಸುತ್ತಾಳೆ, ಒಲೆಯಿಂದ ಬಾಣಲೆ ಇಳಿಸುತ್ತಾಳೆ. ಅದರಿಂದ ಅವಳಿಗೆ ತೊಂದರೆಯಾದದ್ದು ಎರಡೇ ಕಡೆ: ಹೆಣ್ಣು ನೋಡಲು ಬಂದವರ ಮುಂದೆ, ಮತ್ತೆ ಅಪ್ಪನ ಫೋಟೋಗಳಲ್ಲಿ.

ಮೊದಲ ಹುಟ್ಟುಹಬ್ಬದ ಫೋಟೋದಲ್ಲೇ ಬದರಿನಾಥರು ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಐದನೇ ಬೆರಳು ಕೂರಿಸಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಈ ಮಹಾನುಭಾವರಿಗೆ ಮುದ್ದು ಸಾಲದೆ ತಿದ್ದುಪಡಿಯೂ ಬೇಕಾಯಿತು. ಎರಡನೇ ವರ್ಷ, ಮೂರನೇ ವರ್ಷ, ನವರಾತ್ರಿಯ ಗೊಂಬೆಗಳ ಮುಂದೆ, ಮಹಾಬಲಿಪುರದ ಮರಳಿನಲ್ಲಿ, ಆಲ್ಬಮ್ಮಿನ ತುಂಬ ಐದು ಬೆರಳಿನ ಹುಡುಗಿ. ನಾಲ್ಕು ವರ್ಷದ ಮಗು ಒಂದು ದಿನ ಆಲ್ಬಮ್ಮನ್ನೂ ತನ್ನ ಕೈಯನ್ನೂ ಒಂದಾದ ಮೇಲೊಂದರಂತೆ ನೋಡಿ, "ನನ್ ಬೆರಳೆಲ್ಲಿ ಹೋಯ್ತು ಅಪ್ಪಾ?" ಅಂತ ಕೇಳಿತು. ಏನು ಹೇಳಬೇಕೋ ತೋಚದೆ, ಮಕ್ಕಳಿಂದ ಏನನ್ನಾದರೂ ಬಚ್ಚಿಟ್ಟಾಗ ನಾವೆಲ್ಲ ಹೇಳುವುದನ್ನೇ ಅವರೂ ಹೇಳಿದರು: "ಕಾಗೆ ಎತ್ಕೊಂಡ್ ಹೋಯ್ತು ಪುಟ್ಟಾ." ಪಾಪ, ಮಗು ಎರಡು ವರ್ಷ ಕಾಗೆ ಕಂಡರೆ ಎಡಗೈಯನ್ನು ಲಂಗದಲ್ಲಿ ಸುತ್ತಿಕೊಂಡು ಓಡುತ್ತಿತ್ತು. ತಾತನ ತಿಥಿಯ ದಿನ ಮನೆಮಂದಿಯೆಲ್ಲ ಪಿಂಡಕ್ಕೆ ಕಾಗೆ ಬರಲೆಂದು ಕಾಯುತ್ತಿದ್ದರೆ, ಇದೊಂದು ಕೋಣೆಯೊಳಗೆ ಚಿಲಕ ಹಾಕಿಕೊಂಡು ಅಳುತ್ತಿತ್ತು.

ಹತ್ತನೇ ಕ್ಲಾಸಿನಲ್ಲಿ ಶಾಲೆಯ ಗ್ರೂಪ್ ಫೋಟೋ ಇದೇ ಸ್ಟುಡಿಯೋಗೆ ಬಂತು. ಕೈ ಸುಮ್ಮನಿರಬೇಕಲ್ಲ! ನಲವತ್ತು ಹುಡುಗಿಯರು ಆ ಫೋಟೋ ನೋಡಿ ಬಿದ್ದು ಬಿದ್ದು ನಕ್ಕರು. ಮನೆಗೆ ಬಂದ ಅಕ್ಷಯಾ ಅಳಲಿಲ್ಲ. ಅಪ್ಪನನ್ನು ರಾಯರ ಪಟದ ಮುಂದೆ ನಿಲ್ಲಿಸಿ, "ಇನ್ನು ನನ್ನ ಫೋಟೋ ಮುಟ್ಟಲ್ಲ ಅಂತ ಹೇಳು," ಅಂದಳು. ಬದರಿನಾಥರು ಹೇಳಿದರು. ಹನ್ನೊಂದು ವರ್ಷ ಆ ಮಾತು ಉಳಿಸಿಕೊಂಡರು.

ಆಮೇಲೆ ಸಂಬಂಧಗಳ ಕಾಟ ಶುರುವಾಯಿತು. ಏಳು ಮನೆಯವರು ಬಂದರು, ತಟ್ಟೆ ಹಿಡಿದ ಕೈ ನೋಡಿದರು, ಊರಿಗೆ ಹೋಗಿ ಕಾಗದ ಹಾಕ್ತೀವಿ ಅಂದರು. ಏಳನೆಯವರು ಹೋದ ರಾತ್ರಿ ಅಕ್ಷಯಾ ತೀರ್ಪು ಕೊಟ್ಟಳು: "ಫೋಟೋದಲ್ಲೇ ಕೈ ಕಾಣೋ ಹಾಗೆ ಕೂತ್ಕೋತೀನಿ. ಬೇಡ ಅನ್ನೋರು ಅವರ ಮನೇಲೇ ಬೇಡ ಅನ್ಲಿ. ನಮ್ಮನೆ ಬೊಂಡಾ ತಿಂದು ಬೇಡ ಅನ್ನೋದು ಸಾಕು." ಹಸಿರು ಸೀರೆಯುಟ್ಟು, ಕುರ್ಚಿಯ ಬೆನ್ನಿನ ಮೇಲೆ ಎಡಗೈ ಚಾಚಿ ಫೋಟೋ ತೆಗೆಸಿಕೊಂಡಳು. ಎರಡು ಪ್ರಿಂಟು ಹಾಕಿಸಿ, ಜಾತಕದ ಜೊತೆ ಗಿಂಡಿಗೆ ಕಳಿಸಲು ಅಪ್ಪನ ಕೈಗೆ ಕೊಟ್ಟಳು.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುವ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಬದರಿನಾಥರು ಒಂದೇ ಒಂದು ಹೇಳಿದರು, ಅದೂ ಕುಂಚದಲ್ಲಿ. ಒಂದು ಪ್ರಿಂಟಿನ ಮೇಲೆ ಕಿರುಬೆರಳು ಬರೆದು, ಗುರುತು ಸಿಗದಿರಲೆಂದು ಅದನ್ನೇ ಮತ್ತೆ ಫೋಟೋ ತೆಗೆಸಿ, ಆ ಹೊಸ ಪ್ರಿಂಟನ್ನು ಅಂಚೆಗೆ ಹಾಕಿದರು. ಅಸಲು ಪ್ರಿಂಟು ಕಂದು ಕವರಿನಲ್ಲಿ ಅವರ ಬಣ್ಣದ ಪೆಟ್ಟಿಗೆಯ ತಳ ಸೇರಿತು. ಒಮ್ಮೆ ಬಂದು ಹುಡುಗಿಯನ್ನು ಮಾತಾಡಿಸಲಿ, ಮನಸ್ಸು ಕೂತ ಮೇಲೆ ಬೆರಳು ಯಾವ ಮಹಾ ಅಂದುಕೊಂಡಿದ್ದರು. ಗಿಂಡಿಯವರು "ಫೋಟೋ ನೋಡಿದ್ವಿ, ಬರ್ತೀವಿ" ಅಂದಾಗ ಮಗಳು ಅದನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಾಳೆಂದು ಮಾತ್ರ ಅವರಿಗೆ ಹೊಳೆದಿರಲಿಲ್ಲ. ಈಗ ಹುಡುಗಿ ಒಂದು ವಾರದಿಂದ ಹಾಡು ಗುನುಗುತ್ತ ಓಡಾಡುತ್ತಿದ್ದಾಳೆ, ಅಪ್ಪನಿಗೆ ಗಂಟಲಲ್ಲಿ ಅನ್ನ ಇಳಿಯುತ್ತಿಲ್ಲ.

ಹನ್ನೊಂದು ಗಂಟೆಗೆ ಅಂಬುಜಾ ಮೇಡಂ ಬಂದರು. ಮೈಸೂರಿನ ಕಡೆಯವರು, ಇಲ್ಲಿನ ಹೆಂಗಸರ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು. ಬಿದಿರು ಕಾಡಿನ ಹಕ್ಕಿಗಳ ಮೇಲೆ ಪುಸ್ತಕ ಬರೆದಿದ್ದರು. ಚಿತ್ರಗಳನ್ನು ಬರೆಯಲು ಹಿಡಿದದ್ದು ಬದರಿನಾಥರನ್ನು. ಒಂದೊಂದು ಗರಿಯೂ ಬಿಡಿಬಿಡಿಯಾಗಿ ಕಾಣುವಂತೆ ಬರೆಯುವ ಕೈ ಮದರಾಸಿನಲ್ಲಿ ಇನ್ನೊಂದಿಲ್ಲ ಅನ್ನುವುದು ಅವರ ಅಭಿಪ್ರಾಯ. ಹನ್ನೊಂದು ಚಿತ್ರ ಆಗಲೇ ಶಿವಕಾಶಿಯ ಪ್ರೆಸ್ಸಿಗೆ ಹೋಗಿದ್ದವು. ಕೊನೆಯದು ಇದು, ಸಂಜೆಯ ಕೊರಿಯರಿಗೆ ಕೊಡಬೇಕು.

ಕೊನೆಯದೇ ಎಲ್ಲಕ್ಕಿಂತ ಚೆನ್ನಾಗಿ ಬಂದಿತ್ತು. ಈಶಾನ್ಯದ ಬೆಟ್ಟಗಳ ಬಿದಿರು ಮೆಳೆಗಳಲ್ಲಿ ಇರುವ ಮರಕುಟಿಗ. ತಿಳಿಹಳದಿ ತಲೆ, ಗಂಡಿಗೆ ನೆತ್ತಿಯ ಮೇಲೆ ಗುಲಾಬಿ ತೇಪೆ, ಬೆನ್ನಿಗೆ ಮಾಸಿದ ಕೆಂಪು. ಬದರಿನಾಥರು ಜೀವವಿರುವ ಹಕ್ಕಿಯನ್ನು ನೋಡಿದವರಲ್ಲ. ಮೇಡಂ ಕೊಟ್ಟಿದ್ದು ನೂರು ವರ್ಷ ಹಿಂದೆ ಯಾರೋ ಸುಲಿದು ಹತ್ತಿ ತುಂಬಿಟ್ಟ ಮ್ಯೂಸಿಯಂ ಹಕ್ಕಿಯ ಫೋಟೋ. ಅದರ ಒಂದು ಕಾಲು ಹೆಸರಿನ ಚೀಟಿಯಡಿ ಮುಚ್ಚಿಹೋಗಿತ್ತು, ಇನ್ನೊಂದು ಚೀಟಿ ಕಟ್ಟಿದ ದಾರದ ಪಕ್ಕ ಒಣಗಿ ಮುರುಟಿತ್ತು.

ಮೇಡಂ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಅಬ್ಬಬ್ಬಾ! ಕೊಕ್ಕು ನೋಡಿ, ಈಗ ಟಕಟಕ ಅನ್ನತ್ತೆ ಅನ್ನೋ ಹಾಗಿದೆ." ಕನ್ನಡಕ ಕೆಳಗೆ ಜಾರಿಸಿ ಇನ್ನೊಮ್ಮೆ ನೋಡಿದರು. ಮುಖದ ನಗು ಅಲ್ಲಿಗೇ ನಿಂತಿತು.

"ಬದರಿನಾಥರೇ, ಕಾಲಲ್ಲಿ ಎಷ್ಟು ಬೆರಳು ಹಾಕಿದೀರಿ?"

"ನಾಲ್ಕು ಮೇಡಂ. ಮುಂದೆರಡು, ಹಿಂದೆರಡು. ಮರಕುಟಿಗ ಅಂದ್ರೆ ಹಾಗೇ ಅಂತ ನೀವೇ ಹೇಳಿದ್ರಿ. ಬೇರೆ ಮರಕುಟಿಗಗಳಿಗೂ ಹಾಗೇ ಹಾಕಿದೀನಿ."

"ಅವಕ್ಕೆ ಸರಿ. ನಾನು ಕೊಟ್ಟ ಈ ಫೋಟೋದಲ್ಲಿ ಎಷ್ಟಿತ್ತು?"

"ಅದರಲ್ಲಿ ಮೂರೇ ಇತ್ತು. ಹಳೇ ಹಕ್ಕಿ, ಒಂದು ಒಣಗಿ ಉದುರಿಹೋಗಿರತ್ತೆ ಅಂದ್ಕೊಂಡೆ. ಪಾಪ ಅನ್ನಿಸ್ತು, ಸೇರಿಸ್ಬಿಟ್ಟೆ."

"ಅಯ್ಯೋ ಪುಣ್ಯಾತ್ಮ!" ಮೇಡಂ ಹಣೆ ಚಚ್ಚಿಕೊಂಡರು. "ಉದುರಿದ್ದಲ್ಲ ರೀ ಅದು. ಈ ಜಾತಿಗೆ ಇರೋದೇ ಮೂರು. ನಯವಾದ ಬಿದಿರ ಗಳದ ಮೇಲೆ ಆ ಮೂರರಲ್ಲೇ ಹತ್ತತ್ತೆ, ಇಳಿಯತ್ತೆ, ತೂತು ಕೊರೆದು ಸಂಸಾರ ಮಾಡತ್ತೆ. ಅದಕ್ಕೇನೂ ಕಮ್ಮಿಯಾಗಿಲ್ಲ. ಕಮ್ಮಿ ಅನ್ನಿಸಿದ್ದು ನಿಮಗೆ."

"ತಪ್ಪಾಯ್ತು ಮೇಡಂ. ಒಂದು ಸಣ್ಣ ಬೆರಳು ತಾನೆ, ಯಾರು ನೋಡ್ತಾರೆ..."

"ಯಾರು ನೋಡ್ತಾರೆ? ನೋಡೋದಕ್ಕೇ ರೀ ಪುಸ್ತಕ ತಗೊಳೋದು!" ಮೇಡಂ ಧ್ವನಿ ಏರಿತು. "ಇದನ್ನ ಹಿಡ್ಕೊಂಡು ಒಬ್ಬ ಅಷ್ಟು ದೂರ ಕಾಡಿಗೆ ಹೋಗ್ತಾನೆ ಅನ್ಕೊಳಿ. ಹಕ್ಕಿ ಎದುರಿಗೇ ಬಂದು ಕೂರತ್ತೆ. ಅವನು ಚಿತ್ರ ನೋಡ್ತಾನೆ, ಕಾಲು ನೋಡ್ತಾನೆ, ಇದು ಅದಲ್ಲ ಅಂತ ಬಿಟ್ಟು ಹೋಗ್ತಾನೆ. ಎದುರಿಗೇ ಬಂದು ಕೂತಿದ್ರೂ! ಹಕ್ಕಿ ಏನು ಪಾಪ ಮಾಡಿತ್ತು ಹೇಳಿ?"

ಹಕ್ಕಿಯ ಮಾತು ಹಕ್ಕಿಗೇ ನಿಲ್ಲಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಸ್ಥಿತಿ ಬದರಿನಾಥರದು. ಭಾನುವಾರ ನಾಲ್ಕು ಗಂಟೆ ಕಣ್ಣ ಮುಂದೆ ಬಂತು. ಕುರ್ಚಿಗಳಲ್ಲಿ ಗಿಂಡಿಯವರು, ಅವರ ಮನಸ್ಸಿನಲ್ಲಿ ಐದು ಬೆರಳಿನ ಫೋಟೋ, ಎದುರಿಗೆ ಬಂದು ನಿಂತ ಹುಡುಗಿ.

"ಈಗಲೇ ಕೆರೀರಿ," ಅಂದರು ಮೇಡಂ. "ನಾನು ಕಾಯ್ತೀನಿ."

ಬದರಿನಾಥರು ಅರ್ಧ ಬ್ಲೇಡು ಹಿಡಿದು ಕೂತರು. ಬಣ್ಣ ಹುಡಿಹುಡಿಯಾಗಿ ಎದ್ದು ಬಂತು. ಎರಡು ದಿನ ಕೂತು ಬರೆದ ಬೆರಳು, ಉಗುರಿನ ಕೊಂಕು, ಚರ್ಮದ ಚಕ್ಕೆ, ಐದು ನಿಮಿಷದಲ್ಲಿ ಹೋಯಿತು. ಕಾಗದ ಅಲ್ಲಿ ಕೊಂಚ ತರಿಯಾಗಿ ಉಳಿಯಿತು. "ಗುರುತು ಹೋಗಲ್ಲ ಮೇಡಂ," ಅಂದರು. "ಇರಲಿ ಬಿಡಿ, ಅಚ್ಚಿನಲ್ಲಿ ಕಾಣಲ್ಲ," ಅಂತ ಮೇಡಂ ಚಿತ್ರವನ್ನು ಸುತ್ತಿಕೊಂಡು, ಹೋಗುವಾಗ ಬೆನ್ನು ತಟ್ಟಿ ಹೋದರು.

ಸಂಜೆ ಅಕ್ಷಯಾ ಬಂದ ತಕ್ಷಣ ಹೇಳಿಬಿಡಬೇಕೆಂದು ಬದರಿನಾಥರು ಬಾಗಿಲ ಬಳಿಯೇ ಕೂತಿದ್ದರು. ಅವಳು ಕೈಯಲ್ಲಿ ಗೋರಂಟಿ ಕೋನು ಹಿಡಿದು ಬಂದಳು. "ಅಮ್ಮಾ, ಬಾ ಬಾ, ಹಾಕು," ಅಂತ ಎರಡೂ ಕೈ ಚಾಚಿ ಕೂತಳು. ತುಂಗಾ ಬಲಗೈ ಹಿಡಿದರೆ, "ಎಡಗೈಗೂ," ಅಂದಳು. ತುಂಗಾ ಬೆರಗಾಗಿ ನೋಡಿದರು. ಯಾರ ಮದುವೆಗೂ, ಯಾವ ಹಬ್ಬಕ್ಕೂ ಆ ಕೈಗೆ ಅವಳು ಗೋರಂಟಿ ಹಾಕಿಸಿಕೊಂಡವಳಲ್ಲ. "ನೋಡೇ ಬರ್ತಿದಾರಲ್ಲಮ್ಮಾ, ಚೆನ್ನಾಗೇ ನೋಡ್ಲಿ," ಅಂದಳು. ಬದರಿನಾಥರು ಇವತ್ತು ಬೇಡ ಅಂದುಕೊಂಡರು. ಎದ್ದು ಹೋಗಿ ಮುಖ ತೊಳೆದುಕೊಂಡರು.

ಶನಿವಾರ ಬೆಳಿಗ್ಗೆ ದೇವಸ್ಥಾನಕ್ಕೆ ಅಂತ ಹೇಳಿ, ಕಂದು ಕವರನ್ನು ಅಂಗಿಯೊಳಗೆ ಇಟ್ಟುಕೊಂಡು ಗಿಂಡಿಯ ಬಸ್ಸು ಹತ್ತಿದರು. ಉಪಾಯ ಹೊಳೆದಿತ್ತು. ಗಿಂಡಿಯವರಿಗೆ ನಿಜ ಹೇಳಿ ಅಸಲು ಫೋಟೋ ಕೊಟ್ಟುಬಿಡುವುದು. ಅವರು ಒಪ್ಪಿದರೆ ಭಾನುವಾರ ಬರುತ್ತಾರೆ, ಅಕ್ಷಯಾಗೆ ಏನೂ ತಿಳಿಯುವುದಿಲ್ಲ. ಒಪ್ಪದಿದ್ದರೆ ಮನೆಯಲ್ಲಿ ಯಾರಿಗೋ ಮೈಲಿಗೆ, ಯಾರಿಗೋ ಕಾಯಿಲೆ, ಏನೋ ಒಂದು ನೆಪ. ಬಸ್ಸು ಅಶೋಕ್ ಪಿಲ್ಲರಿನಲ್ಲಿ ನಿಂತು ನಿಂತು ಹೋಯಿತು. ಅಂಗಿಯೊಳಗೆ ಕವರು ಬೆವರಿಗೆ ಮೆತ್ತಿಕೊಂಡಿತು. ಎರಡು ಸಲ ಇಳಿದು ವಾಪಸು ಹೋಗಿಬಿಡೋಣ ಅನ್ನಿಸಿತು.

ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಮನೆ. ಬಾಗಿಲು ತೆಗೆದವರು ಹುಡುಗನ ತಾಯಿ ಜಲಜಾ. ಗಂಡ ರೇಷನ್ನಿಗೆ ಹೋಗಿದ್ದಾರೆ, ಗಿರಿಧರನಿಗೆ ಶನಿವಾರವೂ ಮಧ್ಯಾಹ್ನದವರೆಗೆ ಕೆಲಸ ಅಂದರು.

"ಬನ್ನಿ ಬನ್ನಿ. ನಾಳೆ ನಾವೇ ಬರೋರು, ಅಷ್ಟರಲ್ಲಿ ನೀವೇ ಬಂದ್ರಲ್ಲ! ಬೀಗರಾಗೋದಕ್ಕೆ ಇಷ್ಟು ಅವಸರವೇ?"

ಶೋಕೇಸಿನ ಗಾಜಿನೊಳಗೆ, ಒಂದು ಪಿಂಗಾಣಿ ನಾಯಿಗೆ ಒರಗಿಸಿ ಅಕ್ಷಯಾಳ ಫೋಟೋ ಇಟ್ಟಿದ್ದರು. ಹಸಿರು ಸೀರೆ, ಕುರ್ಚಿಯ ಬೆನ್ನಿನ ಮೇಲೆ ಚಾಚಿದ ಐದು ಬೆರಳು. ಬದರಿನಾಥರು ಕೂರಲಿಲ್ಲ. ಕವರು ತೆಗೆದು ಕೊಟ್ಟರು.

"ಇದು ಅಸಲು ಫೋಟೋ ಅಮ್ಮಾ. ಅಲ್ಲಿರೋದಕ್ಕೆ ಒಂದು ಬೆರಳು ನಾನು ಬರೆದಿದ್ದು. ಹುಡುಗಿಗೆ ಹುಟ್ಟಿನಿಂದ ಇಲ್ಲ. ಅವಳು ಹೀಗೇ ಕಳಿಸು ಅಂದಿದ್ಲು, ನಾನೇ ಕೆಟ್ಟ ಕೆಲಸ ಮಾಡಿದೆ. ಅವಳದೇನೂ ತಪ್ಪಿಲ್ಲ."

ಜಲಜಾ ಎರಡೂ ಫೋಟೋ ಅಕ್ಕಪಕ್ಕ ಹಿಡಿದು ನೋಡಿದರು. ಹೊರಗೆ ತಾಂಬರಮ್ಮಿನ ಕಡೆಗೆ ರೈಲು ಹೋಯಿತು, ಶೋಕೇಸಿನ ಗಾಜು ಗಡಗಡ ಅಂದಿತು. ಆ ಹೆಂಗಸು ಬೈದುಬಿಡಬಾರದೇ ಅನ್ನಿಸಿತು ಬದರಿನಾಥರಿಗೆ.

"ನಾಳೆ ಅಲ್ಲಿ ಬಂದು ನೋಡಿದ್ದಿದ್ರೆ ಏನಂದ್ಬಿಡ್ತಿದ್ದೆನೋ," ಅಂದರು ಜಲಜಾ ಕೊನೆಗೆ. "ನನ್ನ ಬಾಯಿ ಒಳ್ಳೇದಲ್ಲ. ಆ ಹುಡುಗಿ ಎದುರಿಗೇ ಮೋಸ ಅಂದ್ಬಿಡ್ತಿದ್ದೆ." ಮತ್ತೆ ಫೋಟೋ ನೋಡಿದರು. "ನೀವಿಲ್ಲಿ ಬಂದಿರೋದು ಅವಳಿಗೆ ಗೊತ್ತಾ?"

"ಇಲ್ಲಮ್ಮ. ನಾವು ನೋಡೇ ಬಂದಿದೀವಿ ಅನ್ನೋ ಹಾಗೆ ನೀವು ಇದ್ಬಿಟ್ರೆ, ಅವಳಿಗೆ ಗೊತ್ತಾಗೋದೇ ಬೇಡ ಅಂತ..."

"ಅಂದ್ರೆ ಈಗ ನಾನೂ ನಿಮ್ಮ ಜೊತೆ ಸೇರ್ಕೊಂಡು ಅವಳಿಗೆ ಸುಳ್ಳು ಹೇಳ್ಬೇಕು. ಸೊಸೆಯಾಗಿ ಬರೋಳಿಗೆ ಮೊದಲನೇ ದಿನಾನೇ."

ನಿನ್ನೆ ಬ್ಲೇಡು ಹಿಡಿದು ಕೆರೆದದ್ದೇ ಬಂತು; ಇವತ್ತು ಬದರಿನಾಥರು ಮತ್ತೆ ಕುಂಚ ಹಿಡಿದು ಹೊರಟಿದ್ದರು. ನಾಯಿ ಬಾಲ ಡೊಂಕು ಅಂತ ತಮ್ಮನ್ನೇ ಬೈದುಕೊಂಡರು.

"ಮೊದಲು ಮನೆಗೆ ಹೋಗಿ ಅವಳಿಗೆ ಹೇಳಿ," ಅಂದರು ಜಲಜಾ. "ಆಮೇಲೆ ಅವಳೇ ನಂಗೆ ಫೋನ್ ಮಾಡಲಿ. ಬರ್ತೀವಿ ಅಂತ ಈಗ ಮಾತು ಕೊಡಲ್ಲ, ನನ್ನೊಬ್ಬಳ ಕೈಲಿಲ್ಲ. ಗಿರಿಧರ ಬರ್ತಾನೆ, ಎರಡೂ ಫೋಟೋ ತೋರಿಸ್ತೀನಿ. ಕಾಫಿ ಕುಡೀತೀರಾ?" ಬದರಿನಾಥರು ಕೈಮುಗಿದು ಹೊರಟುಬಂದರು.

ಮನೆಗೆ ಬಂದಾಗ ಅಕ್ಷಯಾ ಸ್ನಾನ ಮುಗಿಸಿ, ಕೆಂಪಾಗಿ ಹತ್ತಿದ ಗೋರಂಟಿಗೆ ಎಣ್ಣೆ ಸವರುತ್ತಿದ್ದಳು. ತುಂಗಾ ನಾಳೆಯ ಬೊಂಡಾಕ್ಕೆ ಉದ್ದಿನಬೇಳೆ ಆರಿಸುತ್ತಿದ್ದರು. ಬದರಿನಾಥರು ಚಪ್ಪಲಿ ಬಿಟ್ಟು, ರಾಯರ ಪಟದ ಮುಂದೆ ಹೋಗಿ ನಿಂತರು. ಹನ್ನೊಂದು ವರ್ಷದ ಹಿಂದೆ ನಿಂತ ಜಾಗವೇ ಅದು.

"ಮಗು, ನಾನು ಮಾತು ತಪ್ಪಿದೀನಿ," ಅಂದರು.

ಎಲ್ಲ ಹೇಳಿದರು. ಕುಂಚ, ಎರಡನೇ ಪ್ರಿಂಟು, ಹಕ್ಕಿ, ಗಿಂಡಿ, ಜಲಜಾ ಅಂದದ್ದು, ಯಾವುದನ್ನೂ ಬಿಡಲಿಲ್ಲ, ಯಾವುದಕ್ಕೂ ಬಣ್ಣ ಹಚ್ಚಲಿಲ್ಲ. ತುಂಗಾರ ಕೈಯಿಂದ ಮೊರ ಜಾರಿ ಬೇಳೆ ನೆಲದ ಮೇಲೆಲ್ಲ ಹರಡಿತು. ಅಕ್ಷಯಾ ಎಣ್ಣೆಗೈಯನ್ನು ಹಾಗೇ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು.

"ಹಾಗಾದ್ರೆ ಅವರು ನೋಡೇ ಇಲ್ಲ," ಅಂದಳು.

"ಇಲ್ಲ ಮಗು."

"ನಾನು ಒಂದು ವಾರದಿಂದ..." ಕೆಂಪು ಕೈಯನ್ನು ನೋಡಿಕೊಂಡಳು, ನೋಡಲಾರದೆ ಮಗುಚಿದಳು. "ಪೋದುಂಪ್ಪಾ. ಸಾಕು! ಕಾಗೆ ಎತ್ಕೊಂಡ್ ಹೋಯ್ತು ಅಂದಾಗ ನಾನು ಚಿಕ್ಕೋಳು, ನಂಬಿದೆ. ನಂಗೆ ಇಪ್ಪತ್ತಾರು ವರ್ಷ ಆಯ್ತು, ಈಗ್ಲೂ ನಂಬ್ಕೊಂಡು ಕೂತಿದ್ನಲ್ಲ! ನನ್ನ ಕೈ ಕಂಡ್ರೆ ನಿಂಗೆ ನಾಚಿಕೆನಾ ಅಪ್ಪಾ? ನಿಜ ಹೇಳು."

"ನಾಚಿಕೆ ಅಲ್ಲ ಮಗು. ಹೆದರಿಕೆ. ನೀ ಹುಟ್ಟಿದ ದಿನದಿಂದ ಹೆದರಿಕೆ. ಯಾರಾದ್ರೂ ನಿನ್ನ ಬೇಡ ಅಂದ್ಬಿಡ್ತಾರೆ ಅಂತ."

"ಮೊದಲು ಬೇಡ ಅಂದಿದ್ದು ನೀನೇ," ಅಂದಳು ಅಕ್ಷಯಾ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ಮಧ್ಯಾಹ್ನ ಎಷ್ಟು ಉದ್ದವಿತ್ತೆಂದು ಬದರಿನಾಥರನ್ನೇ ಕೇಳಬೇಕು. ಹನ್ನೆರಡಾಯಿತು, ಒಂದಾಯಿತು, ಎರಡೂವರೆಯಾಯಿತು. ತುಂಗಾ ಗಂಡನಿಗೆ ಬೆನ್ನು ಹಾಕಿ ಕೂತು, ನೆಲದ ಮೇಲೆ ಬಿದ್ದ ಬೇಳೆಯನ್ನು ಒಂದೊಂದಾಗಿ ಆಯ್ದರು. ಮಗಳ ಕೋಣೆಯಿಂದ ಅಳುವ ಸದ್ದೂ ಇಲ್ಲ, ಅದೇ ಭಯ. ಬಾಗಿಲ ಮುಂದೆ ಹೋಗಿ ನಿಂತರು, ತಟ್ಟಲು ಧೈರ್ಯ ಬರದೆ ವಾಪಸು ಬಂದರು. ಮತ್ತೆ ಹೋದರು. ಇನ್ನು ಅವಳು ಈ ಜನ್ಮದಲ್ಲಿ ತನ್ನ ಮಾತು ನಂಬುವುದಿಲ್ಲ ಅನ್ನುವುದು ಎದೆಯ ಮೇಲೆ ಕಲ್ಲಿನ ಹಾಗೆ ಕೂತಿತ್ತು. ಮದುವೆ ಹಾಳಾಗಿ ಹೋಗಲಿ, ಆ ನಂಬಿಕೆಯೊಂದು ಉಳಿದರೆ ಸಾಕಿತ್ತು.

ಮೂರೂವರೆಗೆ ಚಿಲಕ ತೆಗೆದ ಸದ್ದಾಯಿತು. ಅಕ್ಷಯಾ ಮುಖ ತೊಳೆದು, ಅದೇ ಹಸಿರು ಸೀರೆ ಉಟ್ಟು ಬಂದಳು. ಯಾರನ್ನೂ ನೋಡದೆ ಫೋನಿನ ಹತ್ತಿರ ಹೋಗಿ ಗಿಂಡಿಯ ನಂಬರು ತಿರುಗಿಸಿದಳು.

"ಆಂಟಿ, ನಾನು ಅಕ್ಷಯಾ... ಹೂಂ, ಹೇಳಿದ್ರು. ಎಡಗೈ. ಹುಟ್ಟಿದಾಗಿಂದ... ಇಲ್ಲ, ಏನೂ ತೊಂದ್ರೆ ಇಲ್ಲ, ಎಲ್ಲಾ ಮಾಡ್ತೀನಿ... ಇಲ್ಲ ಆಂಟಿ, ನಾಳೆ ಬೇಡ. ಆ ಎರಡು ಫೋಟೋನೂ ಎತ್ತಿಟ್ಬಿಡಿ. ನಾನೇ ಹೊಸದು ಕಳಿಸ್ತೀನಿ, ಅದು ನೋಡಿ ಮನಸ್ಸಿದ್ರೆ ಮುಂದಿನ ಭಾನುವಾರ ಬನ್ನಿ. ಇಲ್ಲದಿದ್ರೆ ಬೇಜಾರಿಲ್ಲ." ಆ ಕಡೆಯಿಂದ ಏನೋ ಬಹಳ ಹೊತ್ತು ಹೇಳಿದರು. ಅಕ್ಷಯಾಳ ತುಟಿ ಒಂದು ಪಕ್ಕ ಕೊಂಕಿತು. ಫೋನಿಟ್ಟಳು.

"ಏನಂದ್ರೇ?" ತುಂಗಾಗೆ ತಡೆಯಲಾಗಲಿಲ್ಲ.

"ಯೋಚನೆ ಮಾಡ್ತೀವಿ ಅಂದ್ರು. ಆ ಗಿರಿಧರ್ ಎರಡು ಫೋಟೋನೂ ನೋಡಿದ್ನಂತೆ. ಮೊದಲನೇದ್ರಲ್ಲಿ ಕಿರುಬೆರಳು ಕೊಂಚ ಉದ್ದ ಆಯ್ತು ಅಂದ್ನಂತೆ."

"ಉದ್ದವೇ! ಸರಿಯಾಗಿ ಅಳತೆ ತಗೊಂಡು..." ಅಂತ ಶುರುಮಾಡಿದ ಬದರಿನಾಥರು ನಾಲಿಗೆ ಕಚ್ಚಿಕೊಂಡರು. ತುಂಗಾ ಅವರನ್ನು ಸುಡುವ ಹಾಗೆ ನೋಡಿದರು.

ಅಕ್ಷಯಾ ಬೀರು ತೆಗೆದು ಅಪ್ಪನ ಹಳೆಯ ಕ್ಯಾಮೆರಾ ತಂದು ಅವರ ಮುಂದೆ ಹಿಡಿದಳು. ಕುರ್ಚಿಯನ್ನು ಕಿಟಕಿಯ ಬಳಿಗೆ ಎಳೆದು ಕೂತಳು. "ತೆಗಿ," ಅಂದಳು. "ರೋಲು ನಾನೇ ಕೊಟ್ಟು ಪ್ರಿಂಟ್ ಹಾಕಿಸ್ತೀನಿ. ನಿನ್ನ ಕೈಗೆ ಕೊಡಲ್ಲ."

"ಕೊಡಬೇಡ ಮಗು," ಅಂದರು ಬದರಿನಾಥರು.

ಕ್ಯಾಮೆರಾಗೆ ಕಣ್ಣಿಟ್ಟರು. ಕಿಟಕಿಯ ಬೆಳಕು ಹುಡುಗಿಯ ಮುಖದ ಮೇಲೆ, ಅತ್ತು ಊದಿದ ರೆಪ್ಪೆಗಳ ಮೇಲೆ ಬಿದ್ದಿತ್ತು. ಇಪ್ಪತ್ತಾರು ವರ್ಷದ ಅಭ್ಯಾಸ, ಬಾಯಿ ತಾನಾಗಿ ಆಡಿಬಿಟ್ಟಿತು: "ಕೈ ಸ್ವಲ್ಪ ಸೆರಗಿನೊಳಗೆ..."

ಅಕ್ಷಯಾ ಕದಲಲಿಲ್ಲ. ನೆಟ್ಟಗೆ ಅವರನ್ನೇ ನೋಡುತ್ತಿದ್ದಳು. ಬದರಿನಾಥರು ಕ್ಯಾಮೆರಾ ಕೆಳಗಿಳಿಸಿ, ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡು, ಮತ್ತೆ ಎತ್ತಿಕೊಂಡರು.

"ಕೈ ಮುಂದೆ ತಾ ಮಗಳೇ," ಅಂದರು. "ಇನ್ನೂ ಮುಂದೆ. ಗೋರಂಟಿ ಕಾಣ್ಲಿ."